ಉತ್ತರಕುಮಾರನ ಪರವಾಗಿ

ಪತ್ರ: ಕಳೆದ ಸಂಚಿಕೆಯಲ್ಲಿ ಯುದ್ಧ ಸಿನಿಮಾಗಳ ಮರೆಯಲಾಗದ ಪಾತ್ರಗಳ ಪಟ್ಟಿ ಕೊಟ್ಟಿದ್ದೀರಿ. ಅದರಲ್ಲಿ ಎರಡನೇ ಮಹಾಯುದ್ಧದ ಕಥೆ ‘ಸೇವಿಂಗ್ ಪ್ರೈವೇಟ್ ರಯಾನ್’ನ ಅಪಮ್ ಯಾಕೆ? ಗೆಳೆಯ ಸಾಯುತ್ತಿದ್ದರೂ ಮೆಟ್ಟಿಲ ಮೇಲೆ ಅಳುತ್ತಾ ನಿಂತ ಆ ಉತ್ತರಕುಮಾರನ ಬದಲು ಅವನ ತಂಡದ ನಾಯಕ ಕ್ಯಾಪ್ಟನ್ ಮಿಲ್ಲರ್ ಇರಬೇಕಿತ್ತು. ಸಿನಿಮಾದ ಇಸವಿಯನ್ನೂ 1988 ಎಂದು ತಪ್ಪಾಗಿ ಹಾಕಿದ್ದೀರಿ.
— ಒಬ್ಬ ಓದುಗ

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ನಾನು ಆ ಸಿನಿಮಾ ನೋಡಿದ ದಿನ ಹಿಂದಿನ ಸಾಲಿನವರೊಬ್ಬರು “ಹತ್ತೋ ಮಾರಾಯ, ಹತ್ತೋ!” ಎಂದು ಪರದೆಗೆ ಕೂಗಿದ್ದರು. ಯಾರೂ ಅವರನ್ನು ಗದರಲಿಲ್ಲ. ಕುತ್ತಿಗೆಯಲ್ಲಿ ಗುಂಡಿನ ಸರ, ಕೈಯಲ್ಲಿ ಬಂದೂಕು, ಆದರೂ ಅಪಮ್‌ಗೆ ನಾಲ್ಕು ಮೆಟ್ಟಿಲು ಹತ್ತಲಾಗುವುದಿಲ್ಲ. ಮೇಲೆ ಆ ಗೆಳೆಯ ಮೆಲ್ಲಿಶ್‌ನ ಎದೆಗೆ ಚೂರಿ ನಿಧಾನವಾಗಿ ಇಳಿಯುತ್ತದೆ. ಕೊಂದವನು ಕೆಳಗಿಳಿದು ಇವನ ಪಕ್ಕದಲ್ಲೇ ಹಾದು ಹೋಗುತ್ತಾನೆ. ಕೊಲ್ಲುವಷ್ಟು ಲೆಕ್ಕಕ್ಕೂ ಇವನನ್ನು ಇಟ್ಟುಕೊಳ್ಳುವುದಿಲ್ಲ.

ಮಿಲ್ಲರ್ ದೊಡ್ಡ ಪಾತ್ರ, ಒಪ್ಪಿದೆ. ಗುಡುಗುವ ಪಾತ್ರಗಳೂ ಬೇಕು. ‘ಫುಲ್ ಮೆಟಲ್ ಜಾಕೆಟ್’ನ (1987) ಹೊಸ ಸೈನಿಕರಿಗೆ ಡ್ರಿಲ್ ಮಾಡಿಸುವ ಹಾರ್ಟ್‌ಮನ್‌ನನ್ನು ಯಾರು ಮರೆತಾರು? ಆ ನಟ ಲೀ ಎರ್ಮಿ ಹಿಂದೆ ನಿಜಕ್ಕೂ ಸೇನೆಯಲ್ಲಿ ಡ್ರಿಲ್ ಮಾಡಿಸುತ್ತಿದ್ದವರು. ಸಲಹೆ ಕೊಡಲು ಬಂದು ಪಾತ್ರವನ್ನೇ ಗಿಟ್ಟಿಸಿಕೊಂಡರು. ಸರಿ, ಅವರ ಮಾತು ಮುಗಿಯಿತು.

ಈಗ ನನ್ನದೊಂದು ಪ್ರಶ್ನೆ. ಮಿಲ್ಲರ್ ಅಂದ ತಕ್ಷಣ ನಿಮಗೆ ಏನು ನೆನಪಾಗುತ್ತದೆ? ನನಗೆ ಅವನ ನಡುಗುವ ಕೈ. ತಂಡದಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದ ವೇಡ್ ಸತ್ತ ಮೇಲೆ ಯಾರಿಗೂ ಕಾಣದ ಕಡೆ ಹೋಗಿ ಅವನು ಬಿಕ್ಕಿ ಅಳುವುದು. ಯುದ್ಧಕ್ಕೆ ಮುಂಚೆ ಅವನೇನಾಗಿದ್ದ ಎಂದು ಹುಡುಗರೆಲ್ಲ ಬಾಜಿ ಕಟ್ಟಿರುತ್ತಾರೆ. ನೋಡಿದರೆ ಶಾಲೆಯ ಮೇಷ್ಟ್ರು! ಅವನು ಎಷ್ಟು ಜನರನ್ನು ಹೊಡೆದ ಎಂಬ ಲೆಕ್ಕ ನಿಮಗೂ ನೆನಪಿಲ್ಲ, ಅಲ್ವಾ? ಮಿಲ್ಲರ್ ಮರೆಯಲ್ಲಿ ಅತ್ತ, ಅಪಮ್ ನಮ್ಮ ಕಣ್ಣೆದುರು ಅತ್ತ. ವ್ಯತ್ಯಾಸ ಅಷ್ಟೇ ಅಂದರೆ ಜಾಸ್ತಿಯಾದೀತು. ಆದರೆ ಇಬ್ಬರನ್ನೂ ಹಿಡಿದದ್ದು ಒಂದೇ ಜ್ವರ.

ನನಗೆ ಪಕ್ಷಪಾತ ಇದೆ, ಮುಚ್ಚಿಡುವುದಿಲ್ಲ. ಅಪಮ್ ನಕ್ಷೆ ಬರೆಯುವವನು, ಅನುವಾದ ಮಾಡುವವನು. ರಣರಂಗಕ್ಕೆ ಟೈಪ್‌ರೈಟರ್ ಎತ್ತಿಕೊಂಡು ಹೊರಟವನು. ಮಿಲ್ಲರ್ ಒಂದು ಚೋಟು ಪೆನ್ಸಿಲ್ ತೋರಿಸಿ ಇದು ಸಾಕು ಅನ್ನುವ ಹಾಗೆ ನೋಡುತ್ತಾನೆ. ನಮ್ಮ ಕಸುಬಿನವನು ಸ್ವಾಮಿ, ಬಿಟ್ಟುಕೊಡಲಿ ಹೇಗೆ?

ಜರ್ಮನ್ ಜಲಾಂತರ್ಗಾಮಿಯ ಕಥೆ ‘ದಾಸ್ ಬೂಟ್’ (1981) ನೋಡಿದ್ದೀರಾ? ಅದರಲ್ಲಿ ಯೋಹಾನ್ ಎಂಬ ಎಂಜಿನ್ ಕೋಣೆಯವನಿದ್ದಾನೆ. ಗುಳಿಬಿದ್ದ ಕಣ್ಣು, ಮಾತು ಕಡಿಮೆ. ಮೇಲಿನಿಂದ ಬಾಂಬು ಬೀಳುತ್ತಿರುವಾಗ ಒಮ್ಮೆಗೇ ತಲೆ ಕೆಟ್ಟು ಕೆಲಸ ಬಿಟ್ಟು ಓಡಿ ಬರುತ್ತಾನೆ. ಕ್ಯಾಪ್ಟನ್ ಪಿಸ್ತೂಲಿಗೆ ಕೈ ಹಾಕುತ್ತಾನೆ. ಮುಂದೆ ಜಿಬ್ರಾಲ್ಟರ್ ಬಳಿ ಹಡಗು ಸಮುದ್ರದ ತಳ ಸೇರಿದಾಗ ನೀರಿನಲ್ಲಿ ಮುಳುಗಿ ಸೋರಿಕೆ ಮುಚ್ಚುವವನು ಇದೇ ಯೋಹಾನ್. ಕ್ಯಾಪ್ಟನ್ ಅವತ್ತೇ ಗುಂಡು ಹಾರಿಸಿದ್ದರೆ?

1930ರ ‘ಆಲ್ ಕ್ವಯಟ್ ಆನ್ ದ ವೆಸ್ಟರ್ನ್ ಫ್ರಂಟ್’ನ ಪಾಲ್ ಇನ್ನೊಬ್ಬ. ಗುಂಡಿಯೊಳಗೆ ಬಿದ್ದ ಫ್ರೆಂಚ್ ಸೈನಿಕನಿಗೆ ತಾನೇ ಚುಚ್ಚಿ, ರಾತ್ರಿಯೆಲ್ಲ ಅವನ ಪಕ್ಕ ಕೂತು ಕ್ಷಮೆ ಕೇಳುತ್ತಾನೆ. ಆ ಪಾತ್ರ ಮಾಡಿದ ಲೂ ಏರ್ಸ್ 1942ರಲ್ಲಿ ಸೇನೆಯ ಕರೆ ಬಂದಾಗ ನಾನು ಕೊಲ್ಲಲಾರೆ ಎಂದು ಹೇಳಿಬಿಟ್ಟರು. ಜನ ಹೇಡಿ ಎಂದರು, ಕೆಲವು ಥಿಯೇಟರ್‌ಗಳು ಅವರ ಸಿನಿಮಾ ಕಿತ್ತುಹಾಕಿದವು. ಅವರು ಗಾಯಾಳುಗಳ ಆರೈಕೆಗೆ ಸೇನೆ ಸೇರಿ ಪೆಸಿಫಿಕ್ ರಣರಂಗಕ್ಕೇ ಹೋದರು.

ನಿಮ್ಮ ಉತ್ತರಕುಮಾರನ ವಿಷಯಕ್ಕೆ ಬರುತ್ತೇನೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂದು ಗಾದೆ ಮಾಡಿ ನಕ್ಕೆವು. ಕೌರವ ಸೇನೆ ಕಂಡು ರಥದಿಂದ ಹಾರಿ ಓಡಿದ್ದು ಎಲ್ಲರಿಗೂ ಗೊತ್ತು. ಕುರುಕ್ಷೇತ್ರದ ಮೊದಲ ದಿನವೇ ಆನೆ ಏರಿ ಶಲ್ಯನ ಮೇಲೆ ನುಗ್ಗಿ ಸತ್ತವನೂ ಅದೇ ಉತ್ತರ. ಅದಕ್ಕೊಂದು ಗಾದೆ ಇಲ್ಲ.

ಅಪಮ್ ಇಷ್ಟವಾಗಲೇಬೇಕು ಎಂದು ನಾನು ಹೇಳುತ್ತಿಲ್ಲ. ಕೊನೆಗೆ ಧೈರ್ಯ ಬಂದಾಗ ಅವನು ಮಾಡುವುದೇನು? ಹಿಂದೊಮ್ಮೆ ಯಾರ ಜೀವಕ್ಕಾಗಿ ಬೇಡಿಕೊಂಡಿದ್ದನೋ ಆ ಜರ್ಮನ್ ಸೈನಿಕ ಕೈ ಎತ್ತಿ ನಿಂತಾಗ ಗುಂಡು ಹೊಡೆಯುತ್ತಾನೆ. ನಮ್ಮ ಥಿಯೇಟರ್‌ನಲ್ಲಿ ಅದಕ್ಕೆ ಚಪ್ಪಾಳೆ ಬಿತ್ತು. ನನಗೆ ಹೊಟ್ಟೆ ತೊಳಸಿದ ಹಾಗಾಯಿತು. ನಾವು ಕೊಟ್ಟಿದ್ದು ಮರೆಯಲಾಗದ ಪಾತ್ರಗಳ ಪಟ್ಟಿ, ಮೆಚ್ಚಿನವರದ್ದಲ್ಲ.

ಈಗಿನ ಯುದ್ಧ ಸಿನಿಮಾಗಳಲ್ಲಿ ಯಾರ ಕೈಯೂ ನಡುಗುವುದಿಲ್ಲ. ಸುತ್ತ ಊರೇ ಉರಿದರೂ ನಾಯಕನ ತಲೆಗೂದಲು ಕೆದರುವುದಿಲ್ಲ. ಗುಂಡು ತಗುಲಿದವನು ಒಂದು ಪುಟ ಡೈಲಾಗ್ ಒಪ್ಪಿಸಿಯೇ ಸಾಯುತ್ತಾನೆ. ಹೊರಗೆ ಬಂದ ಮೇಲೆ ಕೇಳಿ ನೋಡಿ, ನಮಗೆ ನಟನ ಹೆಸರು ಗೊತ್ತಿರುತ್ತದೆ, ಪಾತ್ರದ್ದಲ್ಲ. ಸಿನಿಮಾ ಮಾತ್ರವೇ? ನಮಗೆ ಬರುವ ನುಡಿನಮನಗಳಲ್ಲೂ ಸತ್ತವರೆಲ್ಲ ಒಂದೇ ಎರಕದ ಪ್ರತಿಮೆಗಳು. ‘ಎದೆ ಉಬ್ಬುವಂಥದ್ದು ಹಾಕಿ’ ಎಂದು ವಾರಕ್ಕೆರಡು ಕಾಗದ ಬರುತ್ತವೆ. ನಿಮ್ಮದೂ ಸ್ವಲ್ಪ ಆ ಜಾತಿಯದೇ, ಬೇಜಾರು ಮಾಡಿಕೊಳ್ಳಬೇಡಿ.

ಹಾಸ್ಟೆಲ್‌ನಲ್ಲಿದ್ದಾಗ ಒಂದು ರಾತ್ರಿ ಪಕ್ಕದ ಕೋಣೆಯಲ್ಲಿ ನಾಲ್ಕೈದು ಜನ ಸೇರಿ ಒಬ್ಬ ಹುಡುಗನಿಗೆ ಹೊಡೆಯುತ್ತಿದ್ದರು. ನಾನು ಎದ್ದೆ. ಚಿಲಕದ ಮೇಲೆ ಕೈ ಇಟ್ಟೆ. ಸದ್ದು ನಿಲ್ಲುವ ತನಕ ಹಾಗೇ ನಿಂತಿದ್ದೆ. ಮಾರನೆಯ ದಿನ ಆ ಹುಡುಗ ಏನೂ ಕೇಳಲಿಲ್ಲ. ಸುಮ್ನೆ ನೋಡಿದ, ಅಷ್ಟೇ.

ಅಪಮ್ ಪಟ್ಟಿಯಲ್ಲೇ ಇರುತ್ತಾನೆ. ಇಸವಿ ಮಾತ್ರ ನೀವು ಹೇಳಿದ್ದೇ ಸರಿ, ಅದು 1998 ಆಗಬೇಕಿತ್ತು. ಆ ಪುಟದ ಕರಡು ತಿದ್ದಿದವನು ನಾನೇ.