ಓದುಗರ ಪ್ರಶ್ನೆ: ತುಂಗಭದ್ರೆಯ ಹಳೆಯ ಕಲ್ಲುಸೇತುವೆ

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಮಕ್ಕಳೊಂದಿಗೆ ಆನೆಗೊಂದಿ ಮತ್ತು ಹಂಪಿಯನ್ನು ನೋಡಿ ಬರಬೇಕೆಂದಿದ್ದೇವೆ. ವಿಜಯನಗರದ ಕಾಲದಲ್ಲಿ ಅಲ್ಲಿ ಹೊಳೆಗೆ ಕಲ್ಲಿನ ಸೇತುವೆ ಕಟ್ಟಿದ್ದರೆಂದು ನಮ್ಮ ತಂದೆಯವರು ಹೇಳುತ್ತಿದ್ದರು. ಅದು ಈಗಲೂ ಇದೆಯೇ? ಅದರ ಮೇಲೆ ನಡೆದು ಆಚೆ ದಡ ಸೇರಬಹುದೇ?
— ಓದುಗರೊಬ್ಬರು, ಕೊಪ್ಪಳ

ಉತ್ತರ: ನಿಮ್ಮ ತಂದೆಯವರು ಹೇಳಿದ್ದು ನಿಜ. ಆದರೆ ಈಗ ಉಳಿದಿರುವುದು ಕಂಬಗಳು ಮಾತ್ರ. ಅದರ ಮೇಲೆ ನಡೆದು ದಾಟುವಂತಿಲ್ಲ. ವಿಠ್ಠಲ ದೇವಾಲಯದಿಂದ ಪುರಂದರ ಮಂಟಪದ ಕಡೆಗೆ ಹೊಳೆಗೆ ಇಳಿದರೆ, ಬಂಡೆಗಳ ನಡುವೆ ಸಾಲಾಗಿ ನಿಂತ ಒರಟು ಕಲ್ಲುಕಂಬಗಳು ಕಾಣುತ್ತವೆ. ಅಷ್ಟು ದೂರ ಬಂದವರಲ್ಲಿ ಹೆಚ್ಚಿನವರು ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು ಅಲ್ಲಿಂದಲೇ ಹಿಂತಿರುಗುತ್ತಾರೆ. ನೀವು ಹಾಗೆ ಮಾಡಬೇಡಿ.

ಇದು ಕಮಾನಿನ ಸೇತುವೆಯಲ್ಲ. ಮಂಟಪ ಕಟ್ಟುವ ಕ್ರಮವನ್ನೇ ಹೊಳೆಗೆ ಇಳಿಸಿದ ಕಟ್ಟಡವಿದು: ಕಂಬ, ಕಂಬದ ಮೇಲೆ ತೊಲೆ, ಅದರ ಮೇಲೆ ಹಾಸುಗಲ್ಲು. ಕಲ್ಲು ನೇರವಾಗಿ ಬೀಳುವ ಭಾರವನ್ನು ಎಷ್ಟು ಬೇಕಾದರೂ ಹೊರುತ್ತದೆ, ಆದರೆ ಬಾಗುವುದನ್ನು ತಾಳುವುದಿಲ್ಲ. ತೊಲೆ ಉದ್ದವಾದಷ್ಟೂ ನಡುವೆ, ಕೆಳಮೈಯಿಂದಲೇ ಬಿರುಕು ಬಿಡುತ್ತದೆ. ಆದ್ದರಿಂದ ಇಂಥ ಸೇತುವೆಗೆ ಕಂಬಗಳು ಹತ್ತಿರ ಹತ್ತಿರವೇ ನಿಲ್ಲಬೇಕು, ಹಾಗೆ ನಿಂತ ಕಂಬಗಳಿಗೆ ನೆರೆಯಲ್ಲಿ ತೇಲಿ ಬರುವ ಮರಮಟ್ಟು ಸಿಕ್ಕಿಕೊಳ್ಳುವುದೂ ತಪ್ಪುವುದಿಲ್ಲ. ಹಂಪಿಯಲ್ಲಿ ಸುತ್ತಾಡುವಾಗ ಬಂಡೆಗಳ ಅಂಚನ್ನು ಮಕ್ಕಳಿಗೆ ತೋರಿಸಿ: ಬೆಣೆ ಹೊಡೆದು ಕಲ್ಲು ಸೀಳಿದ ಚೌಕ ಗುಳಿಗಳು ಹಲ್ಲಿನ ಸಾಲಿನಂತೆ ಅನೇಕ ಕಡೆ ಉಳಿದಿವೆ. ಇಂಥ ಕಂಬ, ತೊಲೆಗಳು ಹುಟ್ಟಿದ್ದು ಹಾಗೆಯೇ.

ಸೇತುವೆಯಿದ್ದ ಊರಿನಲ್ಲಿ ಹರಿಗೋಲಿಗೂ ಕೆಲಸವಿತ್ತು. ಸುಮಾರು 1520ರಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಜನರು ಬುಟ್ಟಿಯಂತೆ ದುಂಡಗಿನ, ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಹೊಳೆ ದಾಟುತ್ತಿದ್ದರೆಂದೂ ಅವುಗಳಲ್ಲಿ ಕುದುರೆ, ಎತ್ತುಗಳನ್ನೂ ಸಾಗಿಸುತ್ತಿದ್ದರೆಂದೂ ಬರೆದಿದ್ದಾನೆ. ನಮ್ಮ ಕಾಲದ ಸೇತುವೆಯ ಕಥೆಯೂ ಸುಗಮವಾಗಿರಲಿಲ್ಲ: ಹೊಸ ಸೇತುವೆಗಳ ಕಾಮಗಾರಿಯಿಂದಾಗಿ ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿ, 2006ರಲ್ಲಿ ತೆಗೆಯಿತು; ಆನೆಗೊಂದಿಯ ಬಳಿ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿದುಬಿತ್ತು.

ಹೊಳೆಯಲ್ಲಿ ನೀರು ಇಳಿದಿರುವ ಬೇಸಿಗೆಯಲ್ಲಿ ಕಂಬಗಳು ಚೆನ್ನಾಗಿ ಕಾಣುವುದರಿಂದ ನಿಮ್ಮ ರಜೆಯ ಕಾಲ ಸರಿಯಾಗಿಯೇ ಇದೆ, ಆದರೆ ಬಿಸಿಲೇರುವ ಮೊದಲು, ಬೆಳಿಗ್ಗೆಯೇ ಹೋಗಿರಿ. ಮಳೆಗಾಲದಲ್ಲಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಪುರಂದರ ಮಂಟಪವೇ ಮುಳುಗುತ್ತದೆ, ಹರಿಗೋಲೂ ನಿಲ್ಲುತ್ತದೆ. ಪಾಚಿ ಹಿಡಿದ ಬಂಡೆಗಳು ಜಾರುತ್ತವೆ, ಹೊಳೆಯಲ್ಲಿ ಮೊಸಳೆಗಳೂ ಇವೆ. ಮಕ್ಕಳನ್ನು ದಡದಲ್ಲಿಯೇ ನಿಲ್ಲಿಸಿಕೊಂಡು ತೋರಿಸಿರಿ.