ಟಿಂಕರಿಂಗ್ ಲ್ಯಾಬ್‌ನಲ್ಲಿ ಕಾರ್ಖಾನೆಯ ರೋಬೋಟ್ ಪಾಠ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನ ಸರ್ಕಾರಿ ಪ್ರೌಢಶಾಲೆ, ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳು ತಾವೇ ಯಂತ್ರ ಕಟ್ಟಿ ಕಲಿಯಲು ಕೇಂದ್ರ ಸರ್ಕಾರ ಹಣ ಕೊಡುವ ಪ್ರಯೋಗಾಲಯ) ಇದೆ, ಮಕ್ಕಳ ಕಾರು ಕಪ್ಪು ಗೆರೆ ಹಿಡಿದು ಓಡುತ್ತದೆ. ಪೀಣ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ರೋಬೋಟ್‌ಗೂ ಇದಕ್ಕೂ ಏನು ಸಂಬಂಧ, ಅದನ್ನು 8, 9ನೇ ತರಗತಿಗೆ ತೋರಿಸುವುದು ಹೇಗೆ?

ಸಂಬಂಧ ಕಡಿಮೆ. ಗೆರೆ ಹಿಡಿಯುವ ಕಾರು ಕ್ಷಣಕ್ಷಣವೂ ನೋಡಿ ತಿದ್ದಿಕೊಳ್ಳುತ್ತದೆ. ಸಿಎನ್‌ಸಿ ಮೆಷಿನ್‌ಗೆ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಯಂತ್ರ) ಜಾಬ್, ಅಂದರೆ ಕೊರೆಯಬೇಕಾದ ತುಂಡು, ಹಾಕಿ ತೆಗೆಯುವ ಆರು ಅಕ್ಷದ (ಆರು ಕಡೆ ತಿರುಗುವ ಕೀಲಿರುವ) ರೋಬೋಟ್ ತೋಳು ಬಹುಮಟ್ಟಿಗೆ ಕುರುಡು. ಕಲಿಸಿಕೊಟ್ಟ ಬಿಂದುವಿಗೆ ಎಷ್ಟು ಸಲ ಕಳಿಸಿದರೂ 0.02ರಿಂದ 0.05 ಮಿ.ಮೀ. ವ್ಯತ್ಯಾಸದೊಳಗೆ ಬಂದು ನಿಲ್ಲುತ್ತದೆ. ಅಲ್ಲಿ ಜಾಬ್ ಇರದಿದ್ದರೆ ಗಾಳಿಯನ್ನೇ ಹಿಡಿದುಕೊಂಡು ಹೋಗುತ್ತದೆ. ಆದ್ದರಿಂದ ಅಲ್ಲಿ ತಲೆನೋವು ರೋಬೋಟ್‌ಗಿಂತ ಹೆಚ್ಚಾಗಿ ಫಿಕ್ಚರ್‌ನದು, ಅಂದರೆ ಜಾಬ್ ಪ್ರತಿ ಸಲ ಒಂದೇ ಜಾಗದಲ್ಲಿ ಕೂರುವಂತೆ ಮಾಡುವುದು. ಮಕ್ಕಳಿಗೂ ಇದನ್ನೇ ಕಲಿಸಿ.

ಸಣ್ಣ ತೋಳು ಸಾಕು. ಕೀಲುಗಳಿಗೆ ಸರ್ವೋ ಬೇಕು, ಅಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟರ್. ಬುಡಕ್ಕೂ ಭುಜಕ್ಕೂ ದೊಡ್ಡದಾದ ಎಂಜಿ996ಆರ್, ಮಣಿಕಟ್ಟಿಗೂ ಹಿಡಿಕೆಗೂ ಚಿಕ್ಕದಾದ ಎಸ್‌ಜಿ90. ಎಲ್ಲ ಕಡೆ ಎಸ್‌ಜಿ90 ಹಾಕುವುದು ಸಾಮಾನ್ಯ ತಪ್ಪು. ಅದರ ತಿರುಗುಬಲ 1.8 ಕೆ.ಜಿ-ಸೆಂ.ಮೀ., ಅಂದರೆ 1 ಸೆಂ.ಮೀ. ದೂರದಲ್ಲಿ 1.8 ಕೆ.ಜಿ.; 12 ಸೆಂ.ಮೀ. ದೂರದಲ್ಲಿ ಲೆಕ್ಕಕ್ಕೆ 150 ಗ್ರಾಂ, ಅದೂ ಮೋಟರ್ ತಿಣುಕಿ ನಿಂತುಬಿಡುವ ಹಂತದಲ್ಲಿ. ಮೂರನೇ ಒಂದು ಭಾಗ ನಂಬಬಹುದು, ತೋಳಿನ ಸ್ವಂತ ತೂಕಕ್ಕೇ ಅದು ಮುಗಿದುಹೋಗುತ್ತದೆ.

ಸರ್ವೋಗಳಿಗೆ ಕರೆಂಟನ್ನು ಆರ್ಡುಯಿನೊದ (ತೋಳನ್ನು ನಡೆಸುವ ಪ್ರೋಗ್ರಾಮ್ ಹಾಕುವ ಬೋರ್ಡ್) 5 ವೋಲ್ಟ್ ಪಿನ್ನಿನಿಂದ ಎಳೆಯಬೇಡಿ. ಯುಎಸ್‌ಬಿಯಿಂದ ಬರುವುದೇ ಸುಮಾರು 500 ಮಿಲಿಆಂಪ್. ಎಂಜಿ996ಆರ್ ಒಂದೇ ಸಿಕ್ಕಿಕೊಂಡಾಗ 2.5 ಆಂಪ್ ಕೇಳುತ್ತದೆ. ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗುತ್ತದೆ, ತೋಳು ನಡುಗುತ್ತದೆ, ಮಕ್ಕಳು ಪ್ರೋಗ್ರಾಮ್‌ನಲ್ಲಿ ತಪ್ಪು ಹುಡುಕುತ್ತಾ ಪೀರಿಯಡ್ ಕಳೆಯುತ್ತಾರೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡ್‌ನಲ್ಲಿ 5 ವೋಲ್ಟ್ 10 ಆಂಪ್‌ನ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು 5 ವೋಲ್ಟ್‌ಗೆ ಇಳಿಸುವ ಪವರ್ ಸಪ್ಲೈ) ತನ್ನಿ. ಅದರ 230 ವೋಲ್ಟ್ ಸ್ಕ್ರೂಗಳು ತೆರೆದೇ ಇರುತ್ತವೆ, ಡಬ್ಬಿಯೊಳಗೆ ಮುಚ್ಚಿಯೇ ಮಕ್ಕಳ ಕೈಗೆ ಕೊಡಿ. ಸರ್ವೋ ಕರೆಂಟ್ ಬ್ರೆಡ್‌ಬೋರ್ಡ್ (ತಂತಿ ಸಿಕ್ಕಿಸುವ ತೂತುಗಳ ಹಲಗೆ) ಮೂಲಕ ಹೋಗಬಾರದು. ಆರ್ಡುಯಿನೊ ಮತ್ತು ಎಸ್‌ಎಂಪಿಎಸ್ ಎರಡರ ಗ್ರೌಂಡ್ (ಮೈನಸ್ ತಂತಿ) ಮಾತ್ರ ಸೇರಿಸಲೇಬೇಕು.

ಈಗ ಅಸಲಿ ಪ್ರಯೋಗ. ತೋಳಿನ ತುದಿಗೆ ಪೆನ್ನಿನ ರೀಫಿಲ್ ಕಟ್ಟಿ, ಕೆಳಗೆ ಗ್ರಾಫ್ ಹಾಳೆ ಅಂಟಿಸಿ. ಬುಡದ ಸರ್ವೋವನ್ನು 60 ಡಿಗ್ರಿಯಿಂದ 90ಕ್ಕೆ ತಂದು, ಅರ್ಧ ಸೆಕೆಂಡ್ ನಿಲ್ಲಿಸಿ, ಆಮೇಲೆ ರೀಫಿಲ್ ಇಳಿಸಿ. ನಿಲ್ಲುವ ಮೊದಲೇ ಇಳಿಸಿದರೆ ಚುಕ್ಕಿಯ ಬದಲು ಗೀಟು ಬೀಳುತ್ತದೆ. ನೀಲಿಯಲ್ಲಿ ಹೀಗೆ ಹತ್ತು ಚುಕ್ಕಿ. ನಂತರ ಕೆಂಪು ರೀಫಿಲ್ ಹಾಕಿ 120ರಿಂದ 90ಕ್ಕೆ ಬಂದು ಇನ್ನು ಹತ್ತು. ಬಣ್ಣಕ್ಕೊಂದರಂತೆ ಎರಡು ಗುಂಪು ಕಾಣುತ್ತವೆ. ನಡುವಿನ ಅಂತರಕ್ಕೆ ಮುಖ್ಯ ಕಾರಣ ಗೇರಿನ ಹಲ್ಲುಗಳ ನಡುವಿನ ಸಡಿಲ, ವರ್ಕ್‌ಶಾಪ್ ಭಾಷೆಯಲ್ಲಿ ಬ್ಯಾಕ್‌ಲ್ಯಾಶ್. 20 ಸೆಂ.ಮೀ. ತೋಳಿನಲ್ಲಿ ಒಂದೇ ಡಿಗ್ರಿ ಸಡಿಲವಿದ್ದರೂ ತುದಿಯಲ್ಲಿ 3.5 ಮಿ.ಮೀ. ಇದಕ್ಕೆ ಮದ್ದನ್ನು ಮಕ್ಕಳೇ ಕಂಡುಕೊಳ್ಳಲಿ: ಯಾವಾಗಲೂ ಒಂದೇ ಕಡೆಯಿಂದ ಬರುವುದು. ಸರಾಸರಿ, ವ್ಯಾಪ್ತಿ ಎಂಬ ಗಣಿತಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕಿಲ್ಲ.

ಮುಂದೆ ಫಿಕ್ಚರ್. ತೀಪೆಟ್ಟಿಗೆಯನ್ನು ಮೇಜಿನ ಮೇಲೆ ಸುಮ್ಮನೆ ಇಟ್ಟು ಇಪ್ಪತ್ತು ಸಲ ಎತ್ತಿಸಿ, ತಪ್ಪಿದ್ದೆಷ್ಟು ಎಂದು ಬರೆದುಕೊಳ್ಳಿ. ಆಮೇಲೆ ಹಲಗೆಗೆ ಆರು ಗುಂಡುಸೂಜಿ ತಲೆ ಅಂಟಿಸಿ: ಮೂರು ಪೆಟ್ಟಿಗೆಯ ತಳಕ್ಕೆ, ಎರಡು ಉದ್ದದ ಬದಿಗೆ, ಒಂದು ತುದಿಗೆ. ಪೆಟ್ಟಿಗೆಯನ್ನು ಅವುಗಳಿಗೆ ಒತ್ತಿ ಇಟ್ಟು ಮತ್ತೆ ಇಪ್ಪತ್ತು ಸಲ. ಇದೇ 3-2-1 ನಿಯಮ, ಎಲ್ಲ ಫಿಕ್ಚರ್‌ಗಳ ಅಆಇಈ. ಕೊನೆಗೆ ಪೆಟ್ಟಿಗೆಯ ಕೆಳಗೆ ಮೈಕ್ರೋಸ್ವಿಚ್ (ಸ್ವಲ್ಪ ಒತ್ತಿದರೂ ಸಾಕಾಗುವ ಪುಟ್ಟ ಸ್ವಿಚ್) ಇಟ್ಟು, ಅದು ಒತ್ತಿರದಿದ್ದರೆ ತೋಳು ಹೊರಡದಂತೆ ಮಾಡಿ.

ದುಡ್ಡಿನ ವಿಷಯ. ಟಿಂಕರಿಂಗ್ ಲ್ಯಾಬ್‌ನ ಮೂಲ ಲೆಕ್ಕದಲ್ಲಿ 20 ಲಕ್ಷ ರೂಪಾಯಿ: 10 ಲಕ್ಷ ಲ್ಯಾಬ್ ಕಟ್ಟಲು, 10 ಲಕ್ಷ ಗರಿಷ್ಠ 5 ವರ್ಷ ನಡೆಸಲು. ಈ ಎರಡನೆಯದನ್ನು ಕಾಪಾಡಿಕೊಳ್ಳಿ. ಸರ್ವೋ ಸುಡುವುದು ಸಹಜ. ಬದಲಿ ಇಲ್ಲದಿದ್ದರೆ ಕಿಟ್ ಬೀರು ಸೇರುತ್ತದೆ. ಸರ್ಕಾರಿ ಶಾಲೆಗಳಲ್ಲಿ 5 ವರ್ಷದಲ್ಲಿ 50,000 ಲ್ಯಾಬ್ ಎಂದು 2025ರ ಕೇಂದ್ರ ಬಜೆಟ್ ಹೇಳಿತು. ಲ್ಯಾಬ್ ಎಣಿಸುವುದು ಸುಲಭ, ಬದಲಿ ಸರ್ವೋ ತರಿಸುವುದು ಕಷ್ಟ ಅನ್ನುವುದು ನನ್ನ ಅಭಿಪ್ರಾಯ.

2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಗೆ ಹೇಳಿರುವ 10 ಬ್ಯಾಗ್‌ರಹಿತ ದಿನಗಳಲ್ಲಿ ಒಂದನ್ನು ಐಟಿಐಗೆ ಮೀಸಲಿಡಿ. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯ ಸರ್ಕಾರ ಉನ್ನತೀಕರಿಸಿದ 150 ಐಟಿಐಗಳಲ್ಲಿ ಹತ್ತಿರದ್ದನ್ನು ವಿಚಾರಿಸಿ, ಕೈಗಾರಿಕಾ ರೋಬೋಟ್ ಇದ್ದರೆ ಮೊದಲೇ ಅನುಮತಿ ಪಡೆದು ಹೋಗಿ. ತೋಳಿಗಿಂತ ಮೊದಲು ಅದಕ್ಕೆ ಬಿಂದುಗಳನ್ನು ಕಲಿಸಲು ಕೈಯಲ್ಲಿ ಹಿಡಿಯುವ ನಿಯಂತ್ರಕ, ಅಂದರೆ ಪೆಂಡೆಂಟ್, ತೋರಿಸಲು ಹೇಳಿ. ಕಲಿಸುವಾಗ ತೋಳಿನ ವೇಗ ಸೆಕೆಂಡಿಗೆ 250 ಮಿ.ಮೀ. ಮೀರುವಂತಿಲ್ಲ. ಪೆಂಡೆಂಟ್ ಹಿಂಬದಿಯ ಸ್ವಿಚ್ ಬಿಟ್ಟರೂ ತೋಳು ನಿಲ್ಲುತ್ತದೆ, ಗಟ್ಟಿಯಾಗಿ ಹಿಸುಕಿದರೂ ನಿಲ್ಲುತ್ತದೆ. ನಡುವಿನ ಒತ್ತಡದಲ್ಲಿ ಮಾತ್ರ ಚಲಿಸುತ್ತದೆ. ಹಿಸುಕಿದರೆ ಯಾಕೆ ನಿಲ್ಲಬೇಕು ಎಂದು ಮಕ್ಕಳನ್ನು ಕೇಳಿ. ಬೆಚ್ಚಿಬಿದ್ದವರು ಕೈ ಬಿಡುವುದೂ ಉಂಟು, ಬಿಗಿಹಿಡಿಯುವುದೂ ಉಂಟು.