ಅದ್ವೈತ ಬುದ್ಧಿಗೆ ಅರ್ಥವಾಗಿದೆ, ಸಾಕ್ಷಾತ್ಕಾರ ಯಾವಾಗ?

ನಿಮ್ಮ ಪ್ರಶ್ನೆ ಇಷ್ಟು: ಉಪನ್ಯಾಸ ಕೇಳಿ, ಪುಸ್ತಕ ಓದಿ, ಆತ್ಮ ಬ್ರಹ್ಮ ಎರಡಲ್ಲ ಎನ್ನುವ ಅದ್ವೈತದ ತರ್ಕ ಪೂರ್ತಿ ಒಪ್ಪಿಗೆಯಾಗಿದೆ, ಬದುಕು ಮಾತ್ರ ಹಿಂದಿನಂತೆಯೇ ಇದೆ. ಈ ತಿಳಿವಳಿಕೆ ಸಾಕ್ಷಾತ್ಕಾರವಾಗಲು ಇನ್ನು ಯಾವ ಅನುಭವ ಬರಬೇಕು? ಅದಕ್ಕೆ ಗುರು ಬೇಕೇ ಬೇಕೇ?

ಬರಬೇಕಾದ ವಿಶೇಷ ಅನುಭವ ಯಾವುದೂ ಇಲ್ಲ ಎಂದೇ ನಾನು ನಂಬಿದ್ದೇನೆ. ಹಾಗೆಂದು ಈಗ ನಿಮಗಿರುವ ಒಪ್ಪಿಗೆಯೇ ಜ್ಞಾನ ಎಂದೂ ಹೇಳಲಾರೆ.

ಹತ್ತು ಮಂದಿ ನದಿ ದಾಟಿದ ಕಥೆಯನ್ನು ನೀವು ಕೇಳಿರುತ್ತೀರಿ. ಒಬ್ಬ ತನ್ನನ್ನು ಬಿಟ್ಟು ಎಣಿಸುತ್ತಾನೆ, ಒಂಬತ್ತೇ ಸಿಗುತ್ತದೆ, ಹತ್ತನೆಯವನು ಮುಳುಗಿಹೋದನೆಂದು ತಲೆ ಚಚ್ಚಿಕೊಂಡು ಅಳುತ್ತಾನೆ. ಶಂಕರರು ತಮ್ಮ ಉಪದೇಶಸಾಹಸ್ರಿ ಗ್ರಂಥದಲ್ಲಿ ಬಳಸಿದ ಈ ದೃಷ್ಟಾಂತವನ್ನು ವಿದ್ಯಾರಣ್ಯರ ಅದ್ವೈತಗ್ರಂಥ ಪಂಚದಶಿಯ 7ನೆಯ ಪ್ರಕರಣ ತೃಪ್ತಿದೀಪವು ಏಳು ಅವಸ್ಥೆಗಳಾಗಿ ಬಿಡಿಸಿ ತೋರಿಸುತ್ತದೆ. ದಾರಿಹೋಕನೊಬ್ಬ ಬಂದು ‘ಹತ್ತನೆಯವನು ಇದ್ದಾನೆ’ ಎನ್ನುತ್ತಾನೆ. ಅದು ಪರೋಕ್ಷ ಜ್ಞಾನ, ಕೇಳಿ ತಿಳಿದದ್ದು. ಮನಸ್ಸಿಗೆ ಧೈರ್ಯ ಬರುತ್ತದೆ, ಆದರೂ ಕಣ್ಣು ನದಿಯ ಕಡೆಗೇ ಇರುತ್ತದೆ. ‘ಆ ಹತ್ತನೆಯವನು ನೀನೇ’ ಎಂದಾಗ ಹುಟ್ಟುವುದು ಅಪರೋಕ್ಷ ಜ್ಞಾನ, ನೇರ ಅರಿವು. ಗಮನಿಸಿ, ಎರಡೂ ಹುಟ್ಟಿದ್ದು ಮಾತಿನಿಂದಲೇ. ನಡುವೆ ಧ್ಯಾನದ ಸಮಾಧಿಯಿಲ್ಲ, ಬೆಳಕು ಕಂಡದ್ದಿಲ್ಲ. ಎರಡನೆಯ ಮಾತು ಕೇಳುವವನನ್ನೇ ತೋರಿಸಿದ್ದರಿಂದ ಅಲ್ಲಿ ಹುಡುಕಾಟಕ್ಕೆ ಎಡೆಯೇ ಉಳಿಯಲಿಲ್ಲ.

ನೀವು ನಿಂತಿರುವುದು ಮೊದಲ ಮಾತಿನಲ್ಲಿ ಎಂದು ನನಗನ್ನಿಸುತ್ತದೆ. ಬ್ರಹ್ಮವಿದೆ ಎಂದು ಒಪ್ಪಿದ್ದೀರಿ, ಅದು ಮುಂದೆಂದೋ ನಿಮಗೆ ದೊರಕಲಿ ಎಂದು ಕಾಯುತ್ತಿದ್ದೀರಿ. ಕಾಯುತ್ತಿರುವವನು ಯಾರು ಎಂಬ ಕಡೆಗೆ ವಿಚಾರ ಇನ್ನೂ ತಿರುಗಿಲ್ಲ. ಛಾಂದೋಗ್ಯ ಉಪನಿಷತ್ತಿನಲ್ಲಿ ನಾರದರು ತಾವು ಕಲಿತ ವಿದ್ಯೆಗಳ ಉದ್ದನೆಯ ಪಟ್ಟಿ ಒಪ್ಪಿಸಿ, ‘ನಾನು ಮಂತ್ರಗಳನ್ನು ಬಲ್ಲೆ, ಆತ್ಮವನ್ನು ಅರಿಯೆ, ದುಃಖದಲ್ಲಿದ್ದೇನೆ’ ಎಂದು ಸನತ್ಕುಮಾರರ ಮುಂದೆ ಕೂರುವುದು ಇದೇ ಜಾಗದಿಂದ.

ಹಾಗಾದರೆ ವಿಚಾರಕ್ಕೆ ಆಧಾರ ಯಾವುದು? ಹೊಳೆನರಸೀಪುರದಲ್ಲಿ ನೆಲೆಸಿ, ಶಾಂಕರಭಾಷ್ಯಗಳನ್ನು ಕನ್ನಡಕ್ಕೆ ತಂದ ಸಚ್ಚಿದಾನಂದೇಂದ್ರ ಸರಸ್ವತಿಗಳು ಇದನ್ನೇ ಒತ್ತಿ ಹೇಳಿದರು: ಎಲ್ಲರಿಗೂ ಇರುವ ಎಚ್ಚರ, ಕನಸು, ನಿದ್ರೆಗಳೇ ಸಾಕು. ನಿನ್ನೆ ರಾತ್ರಿಯ ಕನಸಿನಲ್ಲಿ ನಿಮಗೊಂದು ದೇಹವಿತ್ತು, ಭಯವಿತ್ತು. ಎದ್ದಾಗ ಎರಡೂ ಇಲ್ಲ. ಗಾಢನಿದ್ರೆಯಲ್ಲಿ ಈ ಎಚ್ಚರದ ದೇಹ, ಹೆಸರು, ನೌಕರಿ ಯಾವುದೂ ತೋರಲಿಲ್ಲ. ಆದರೂ ‘ಸುಖವಾಗಿ ಮಲಗಿದ್ದೆ’ ಎನ್ನುವಾಗ ನೀವು ಇರಲಿಲ್ಲ ಎಂದು ನಿಮಗೆ ಅನ್ನಿಸುವುದಿಲ್ಲ. ಬಂದು ಹೋಗುವ ಇವುಗಳಲ್ಲಿ ನೀವು ಯಾವುದು? ಈ ಪ್ರಶ್ನೆಯನ್ನು ನಿಮ್ಮ ಮೇಲೆಯೇ ಹಾಕಿಕೊಂಡು ಕುಳಿತರೆ ಅದು ಸಿದ್ಧಾಂತವಾಗಿ ಉಳಿಯುವುದಿಲ್ಲ. ಸಮಾಧಿ ಬಂದರೂ ಅದು ಬಂದದ್ದು, ಹೋಗುವಂಥದ್ದು. ಅದನ್ನೇ ಗುರಿ ಮಾಡಿಕೊಂಡು ವರ್ಷಗಟ್ಟಲೆ ಕೊರಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಇನ್ನೊಂದು ಕಡೆ ‘ನೀನು ಈಗಾಗಲೇ ಮುಕ್ತ, ಮಾಡಬೇಕಾದ್ದು ಏನೂ ಇಲ್ಲ’ ಎನ್ನುವ ಇಂದಿನ ಸತ್ಸಂಗಗಳಿವೆ. 1990ರ ದಶಕದಲ್ಲಿ ಲಕ್ನೋದ ಅದ್ವೈತ ಬೋಧಕ ಪೂಂಜಾಜಿಯವರ ಬಳಿ ಬಂದುಹೋದ ಪಾಶ್ಚಾತ್ಯರಲ್ಲಿ ಹಲವರು ತಾವೇ ಬೋಧಕರಾದ ಮೇಲೆ ಈ ಧಾಟಿ ಬಹಳ ಹರಡಿತು. ಮಾತು ಸುಳ್ಳಲ್ಲ. ಆದರೆ ವಿವೇಕ, ವೈರಾಗ್ಯ, ಶಮದಮಾದಿಗಳು (ಮನಸ್ಸು, ಇಂದ್ರಿಯಗಳ ಹಿಡಿತ ಮೊದಲಾದವು), ಮುಮುಕ್ಷುತ್ವ (ಬಿಡುಗಡೆಯ ಹಂಬಲ) ಇರುವವನಿಗೆ ಹೇಳಬೇಕಾದ ಮಾತನ್ನು ಟಿಕೆಟ್ ಕೊಂಡು ಬಂದ ಎಲ್ಲರಿಗೂ ಹೇಳಿದರೆ ಅದು ಬರೀ ಸಮಾಧಾನವಾಗಿ ಉಳಿಯುತ್ತದೆ. ಇವರು ಹೆಚ್ಚಾಗಿ ಉದಾಹರಿಸುವುದು ತಿರುವಣ್ಣಾಮಲೆಯ ರಮಣ ಮಹರ್ಷಿಗಳನ್ನು. 1896ರಲ್ಲಿ ಮಧುರೆಯ ಮನೆಯಲ್ಲಿ, 16ರ ವಯಸ್ಸಿನಲ್ಲಿ, ವೇದಾಂತ ಓದದೆಯೇ ಅವರಿಗೆ ಅರಿವಾಯಿತಲ್ಲ ಎಂದು. ಅದೇ ರಮಣರು ‘ನಾನು ಯಾರು?’ ಎಂಬ ಉಪದೇಶದಲ್ಲಿ, ಮನಸ್ಸಿನಲ್ಲಿ ವಿಷಯವಾಸನೆ (ಹೊರಗಿನ ವಸ್ತುಗಳ ಕಡೆಗಿನ ಹಳೆಯ ಸೆಳೆತ) ಇರುವ ತನಕ ವಿಚಾರ ಬೇಕು ಎಂದು ಸ್ಪಷ್ಟವಾಗಿ ಹೇಳಿದ್ದಾರೆ.

ಬದುಕು ಬದಲಾಗಿಲ್ಲ ಎಂಬ ನಿಮ್ಮ ಕೊರಗಿಗೆ ತೃಪ್ತಿದೀಪದಲ್ಲೇ ಒಂದು ಸೂಕ್ಷ್ಮ ಉತ್ತರವಿದೆ. ತಾನೇ ಹತ್ತನೆಯವನೆಂದು ತಿಳಿದವನ ಅಳು ಆ ಕ್ಷಣವೇ ನಿಲ್ಲುತ್ತದೆ, ಆದರೆ ತಲೆಯ ಗಾಯ ಮಾಯಲು ಒಂದು ತಿಂಗಳು ಬೇಕಾಗುತ್ತದೆ. ನಮ್ಮ ಭಾಷ್ಯಪಾಠದ ಗುಂಪಿನಲ್ಲಿ ಜಗತ್ತು ತೋರಿಕೆಯಷ್ಟೇ ಎಂಬ ಮಿಥ್ಯಾತ್ವವನ್ನು ಎಲ್ಲರಿಗಿಂತ ಚೆನ್ನಾಗಿ ಸಾಧಿಸುತ್ತಿದ್ದ ಹಿರಿಯರೊಬ್ಬರು ಅಣ್ಣತಮ್ಮಂದಿರ ಜಮೀನಿನ ವ್ಯಾಜ್ಯ ಎದ್ದಾಗ ನಿದ್ದೆಗೆಟ್ಟರು. ಅವರ ಓದೆಲ್ಲ ಸುಳ್ಳು ಎಂದು ಕೆಲವರು ನಕ್ಕರು. ನಾನು ನಗಲಾರೆ. ನಿದ್ದೆಗೆಟ್ಟದ್ದು ಹಳೆಯ ಗಾಯದಿಂದಲೋ, ಅಳು ಇನ್ನೂ ನಿಂತಿಲ್ಲವೋ ಎಂಬುದು ಅವರಿಗೊಬ್ಬರಿಗೇ ಗೊತ್ತು. ನೀವೂ ಮುಂದಿನ ಸಲ ಅವಮಾನವಾದಾಗ ಕೋಪ ಬಂತೇ ಎಂದಷ್ಟೇ ನೋಡಬೇಡಿ. ನೋವಾದದ್ದು ಯಾರಿಗೆ ಎಂದು ಹಿಡಿದುಕೊಂಡು ಕುಳಿತಿದ್ದೀರಿ, ಅದನ್ನು ನೋಡಿ.

ಗುರುವಿನ ವಿಷಯ: ಬೇಕು. ಪವಾಡಕ್ಕಲ್ಲ, ಎಣಿಕೆಯಲ್ಲಿ ನೀವು ಬಿಟ್ಟವರನ್ನು ಬೆರಳು ಮಾಡಿ ತೋರಿಸಲು. ಹತ್ತಿರದಲ್ಲಿ ಯಾರಾದರೂ ಸಾಲುಸಾಲಾಗಿ ಪಾಠ ಹೇಳುವವರಿದ್ದರೆ ಉಪನ್ಯಾಸಗಳ ವಿಡಿಯೋಗಳನ್ನು ಸ್ವಲ್ಪ ಕಾಲ ನಿಲ್ಲಿಸಿ, ತೃಪ್ತಿದೀಪವನ್ನೇ ಹಿಡಿದುಕೊಂಡು ಅವರ ಬಳಿಗೆ ಹೋಗಿ.